32 ಜಿಬಿ ಪೆನ್‌ಡ್ರೈವ್‌ನಲ್ಲಿ 29.8 ಜಿಬಿ ಯಾಕೆ? ಕಂಪ್ಯೂಟರಿನ ಅಳತೆಗಳನ್ನು ನೀವೇ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗೆ ಹೋಗುವ ಮಗು ಎರಡು ಬಗೆಯ ಕಂಪ್ಯೂಟರ್ ನೋಡಿಕೊಂಡೇ ಬೆಳೆಯುತ್ತದೆ. ಶಾಲೆಯಲ್ಲಿ ಕೈಟ್ (ಕೇರಳ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ) ಸಿದ್ಧಪಡಿಸಿದ, ಉಬುಂಟು ಮೂಲದ ಲಿನಕ್ಸ್. ಮನೆಯಲ್ಲಿ ಹೆಚ್ಚಾಗಿ ವಿಂಡೋಸ್. ಹಾಗಾಗಿ ಬೇರೆ ಕಡೆಯವರಿಗೆ ಬೇಗ ಗೊತ್ತಾಗದ ಒಂದು ವಿಷಯ ಇಲ್ಲಿಯವರ ಕಣ್ಣಿಗೆ ಬೀಳುತ್ತದೆ. ಅದೇ ಪೆನ್‌ಡ್ರೈವ್ ಶಾಲೆಯಲ್ಲಿ 32 ಜಿಬಿ ತೋರಿಸುತ್ತದೆ, ಮನೆಗೆ ಬಂದರೆ 29.8 ಜಿಬಿ!

ವೈರಸ್ ತಿಂದಿತು ಅಂತ ಕೆಲವರು ಹೇಳುತ್ತಾರೆ. ಅಂಗಡಿಯವನು ಮೋಸ ಮಾಡಿದ ಅಂತ ಇನ್ನು ಕೆಲವರು. ಎರಡೂ ತಪ್ಪು. ಒಂದೇ ರಾಶಿ ಅಕ್ಕಿಯನ್ನು ಸೇರಿನಲ್ಲಿ ಅಳೆದರೆ ಒಂದು ಅಂಕಿ, ಕಿಲೋದಲ್ಲಿ ತೂಗಿದರೆ ಇನ್ನೊಂದು ಅಂಕಿ, ಅಕ್ಕಿ ಮಾತ್ರ ಅಷ್ಟೇ. ಆದರೆ ಕಂಪ್ಯೂಟರಿನ ಲೋಕದಲ್ಲಿ ಎರಡು ಅಳತೆಗೂ ‘ಜಿಬಿ’ ಅಂತ ಒಂದೇ ಹೆಸರು ಹಾಕಿಬಿಟ್ಟಿದ್ದಾರೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಇದಕ್ಕೆ ದಾರಿ ಒಂದೇ. ಜಿಬಿ ಅಂಕಿಯನ್ನು ಪಕ್ಕಕ್ಕಿಟ್ಟು, ಜಾಗ ಅಳೆಯುವ ಸಣ್ಣ ಘಟಕವಾದ ಬೈಟ್‌ನ ಅಂಕಿ ನೋಡಿ. ಶಾಲೆಯ ಕಂಪ್ಯೂಟರ್ ಆಗಲಿ ಮನೆಯದ್ದಾಗಲಿ, ಬೈಟ್ ಲೆಕ್ಕದಲ್ಲಿ ಇಬ್ಬರೂ ಒಂದೇ ಮಾತು ಹೇಳುತ್ತಾರೆ. ಮುಂದಿನ ಹೆಜ್ಜೆಗಳೆಲ್ಲ ಆ ಅಂಕಿಯನ್ನು ಹುಡುಕುವುದಕ್ಕೆ ಮತ್ತು ಅದರಿಂದ ಕೆಲಸ ಮಾಡಿಸಿಕೊಳ್ಳುವುದಕ್ಕೆ.

ಹೆಜ್ಜೆ 1: ಬೈಟ್ ಅಂಕಿ ಹುಡುಕಿ

ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ ತೆರೆಯಿರಿ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿ. ಅಲ್ಲಿ ‘ಕೆಪಾಸಿಟಿ’ ಎಂಬ ಸಾಲಿನಲ್ಲಿ ಎರಡು ಅಂಕಿ ಇರುತ್ತದೆ. ಎಡಗಡೆ ಉದ್ದದ ಬೈಟ್ ಅಂಕಿ, ಬಲಗಡೆ ಚಿಕ್ಕ ಜಿಬಿ ಅಂಕಿ. ಎಲ್ಲರೂ ಬಲಗಡೆಯದ್ದನ್ನು ಓದುತ್ತಾರೆ. ನೀವು ಎಡಗಡೆಯದ್ದನ್ನು ಬರೆದಿಟ್ಟುಕೊಳ್ಳಿ.

ಉಬುಂಟುವಿನಲ್ಲಿ ‘ಡಿಸ್ಕ್ಸ್’ ಎಂಬ ಅಪ್ಲಿಕೇಶನ್ ತೆರೆದು ಪೆನ್‌ಡ್ರೈವ್ ಆರಿಸಿ. ‘ಸೈಜ್’ ಎಂಬಲ್ಲಿ ಜಿಬಿ ಅಂಕಿಯ ಜೊತೆಗೆ ಬೈಟ್ ಅಂಕಿಯೂ ಪೂರ್ತಿ ಇರುತ್ತದೆ.

ಲೆಕ್ಕ ಸುಲಭವಾಗಲಿ ಅಂತ ನಮ್ಮ ಪೆನ್‌ಡ್ರೈವ್‌ನಲ್ಲಿ ಸರಿಯಾಗಿ 32,00,00,00,000 ಬೈಟ್ ಇದೆ ಅಂತ ಇಟ್ಟುಕೊಳ್ಳೋಣ. ಅಂದರೆ 3,200 ಕೋಟಿ ಬೈಟ್. ನಿಮ್ಮದರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಅದು ಸಹಜ.

ಹೆಜ್ಜೆ 2: ಯಾವ ಅಳತೆ ಅಂತ ಗುರುತಿಸಿ

ಒಂದು ‘0’ ಅಥವಾ ಒಂದು ‘1’ ಹಿಡಿಯುವ ಜಾಗಕ್ಕೆ ಬಿಟ್ ಅಂತ ಹೆಸರು. ಎಂಟು ಬಿಟ್ ಸೇರಿ ಒಂದು ಬೈಟ್. ಅಲ್ಲಿಂದ ಮೇಲೆ ದಾರಿ ಕವಲೊಡೆಯುತ್ತದೆ.

ಸಾವಿರದ ಲೆಕ್ಕ ಹೀಗಿದೆ: ಕಿಲೋ (ಕೆಬಿ) ಅಂದರೆ 1 ಸಾವಿರ, ಮೆಗಾ (ಎಂಬಿ) ಅಂದರೆ 10 ಲಕ್ಷ, ಗಿಗಾ (ಜಿಬಿ) ಅಂದರೆ 100 ಕೋಟಿ, ಟೆರಾ (ಟಿಬಿ) ಅಂದರೆ 1 ಲಕ್ಷ ಕೋಟಿ ಬೈಟ್. ಪೆಟ್ಟಿಗೆಯ ಮೇಲೆ ಕಂಪನಿಯವರು ಬರೆಯುವುದು ಇದೇ ಲೆಕ್ಕದಲ್ಲಿ.

1024ರ ಲೆಕ್ಕದಲ್ಲಿ ಪ್ರತಿ ಮೆಟ್ಟಿಲಿಗೂ 1000ದ ಬದಲು 1024ರಿಂದ ಗುಣಿಸಬೇಕು. ಆಗ ಒಂದು ‘ಜಿಬಿ’ 107 ಕೋಟಿ 37 ಲಕ್ಷ 41 ಸಾವಿರದ 824 ಬೈಟ್ ಆಗುತ್ತದೆ.

1024 ಎಲ್ಲಿಂದ ಬಂತು? ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪು, ಅಂದರೆ ರ್‍ಯಾಮ್‌ನಿಂದ. ರ್‍ಯಾಮ್ ಚಿಪ್‌ನ ಪ್ರತಿಯೊಂದು ಬೈಟ್‌ಗೂ ಒಂದು ವಿಳಾಸ ಇರಬೇಕು. ವಿಳಾಸ ಬರೆಯುವುದು ಸೊನ್ನೆ ಮತ್ತು ಒಂದರಲ್ಲಿ. ವಿಳಾಸಕ್ಕೆ ಒಂದು ಬಿಟ್ ಸೇರಿಸಿದರೆ ಹಿಡಿಯುವ ಜಾಗ ದುಪ್ಪಟ್ಟಾಗುತ್ತದೆ: 2, 4, 8, 16 ಹೀಗೆ. ಹತ್ತು ಬಿಟ್ ಆದಾಗ 1024. ಅದು ಸಾವಿರಕ್ಕೆ ತುಂಬ ಹತ್ತಿರ ಅಲ್ವಾ? ಹಾಗಾಗಿ ಹಳೆಯ ಎಂಜಿನಿಯರುಗಳು ಅದನ್ನೇ ಕಿಲೋ ಅಂತ ಕರೆದರು. ಆಗ ವ್ಯತ್ಯಾಸ ಬರೀ 2.4%. ಯಾರಿಗೂ ತೊಂದರೆ ಆಗಲಿಲ್ಲ. ಆದರೆ ಪ್ರತಿ ಮೆಟ್ಟಿಲಿಗೂ ಆ ವ್ಯತ್ಯಾಸ ಬೆಳೆಯುತ್ತಾ ಹೋಗುತ್ತದೆ. ಮೆಗಾಕ್ಕೆ 4.9%, ಗಿಗಾಕ್ಕೆ 7.4%, ಟೆರಾಕ್ಕೆ ಬರುವಾಗ ಸುಮಾರು 10%. ಡಿಸ್ಕ್ ದೊಡ್ಡದಾದಷ್ಟೂ ‘ಕಾಣೆಯಾದ’ ಜಾಗ ಜಾಸ್ತಿ ಅನಿಸುವುದು ಇದಕ್ಕೇ.

ಹಾರ್ಡ್‌ಡಿಸ್ಕ್‌ಗೆ ಈ ದುಪ್ಪಟ್ಟಿನ ನಿಯಮ ಇಲ್ಲ. ತಟ್ಟೆಯ ಮೇಲೆ ಎಷ್ಟು ಸೆಕ್ಟರ್ (ಮಾಹಿತಿ ಬರೆಯುವ ಸಣ್ಣ ಭಾಗ) ಹಿಡಿಯುತ್ತದೋ ಅಷ್ಟು. ಹಾಗಾಗಿ ಅದನ್ನು ಮಾಡುವವರು ಸಾವಿರದ ಲೆಕ್ಕವನ್ನೇ ಇಟ್ಟುಕೊಂಡರು. ಎರಡನ್ನೂ ಬೆರೆಸಿದ ಉದಾಹರಣೆಯೂ ಇದೆ. ಹಳೆಯ 1.44 ಎಂಬಿ ಫ್ಲಾಪಿಯಲ್ಲಿ ಇದ್ದದ್ದು 1440ನ್ನು 1024ರಿಂದ ಗುಣಿಸಿದಷ್ಟು, ಅಂದರೆ 14,74,560 ಬೈಟ್. ಸಾವಿರದ ಲೆಕ್ಕದಲ್ಲಿ ಅದು 1.47 ಎಂಬಿ, 1024ರ ಲೆಕ್ಕದಲ್ಲಿ 1.41. ಹಣೆಪಟ್ಟಿಯ 1.44 ಯಾವ ಲೆಕ್ಕಕ್ಕೂ ಸೇರುವುದಿಲ್ಲ!

1998ರಲ್ಲಿ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ತುಂಬ ಒಳ್ಳೆಯ ಕೆಲಸ. ಎಲ್ಲರೂ ಅದನ್ನು ಪಾಲಿಸಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ. ಲಿನಕ್ಸ್‌ನ ಹಲವು ಉಪಕರಣಗಳು ಈ ಹೆಸರುಗಳನ್ನು ಬಳಸುತ್ತವೆ. ವಿಂಡೋಸ್ ಇವತ್ತಿಗೂ 1024ರಲ್ಲಿ ಲೆಕ್ಕ ಮಾಡಿ ಬರೀ ಜಿಬಿ ಅಂತ ಬರೆಯುತ್ತದೆ. ಆ್ಯಪಲ್ ಕಂಪನಿಯ ಮ್ಯಾಕ್ 2009ರ ಸ್ನೋ ಲೆಪರ್ಡ್ ಆವೃತ್ತಿಯಿಂದ ಸಾವಿರದ ಲೆಕ್ಕಕ್ಕೆ ಬಂತು. ಉಬುಂಟುವಿನ ಫೈಲ್ ಮ್ಯಾನೇಜರ್ ಕೂಡ ಸಾವಿರದ ಲೆಕ್ಕದ್ದೇ.

ಉಬುಂಟುವಿನಲ್ಲೇ ಎರಡೂ ಅಳತೆಯನ್ನು ಒಟ್ಟಿಗೆ ನೋಡಬೇಕಾ? ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು ಸಣ್ಣಕ್ಷರದಲ್ಲಿ ಡಿ, ಎಫ್ ಹೊಡೆಯಿರಿ. ಒಂದು ಸ್ಪೇಸ್ ಬಿಟ್ಟು ಹೈಫನ್ ಹಾಕಿ ಸಣ್ಣ ಎಚ್ ಒತ್ತಿದರೆ 1024ರ ಲೆಕ್ಕ ಬರುತ್ತದೆ. ಅದೇ ಜಾಗದಲ್ಲಿ ದೊಡ್ಡ ಎಚ್ ಹಾಕಿದರೆ ಸಾವಿರದ ಲೆಕ್ಕ. ಒಂದೇ ಅಕ್ಷರದ ವ್ಯತ್ಯಾಸ. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಮಾಡಿ ತೋರಿಸಿದರೆ ಅರ್ಧ ಗಂಟೆಯ ಪಾಠ ಎರಡು ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ಹೆಜ್ಜೆ 3: ಕ್ಯಾಲ್ಕುಲೇಟರ್ ತೆಗೆಯಿರಿ

ಬೈಟ್ ಅಂಕಿಯನ್ನು 1024ರಿಂದ ಮೂರು ಸಲ ಭಾಗಿಸಿ. 3,200 ಕೋಟಿಯನ್ನು ಹಾಗೆ ಭಾಗಿಸಿದರೆ 29.8 ಬರುತ್ತದೆ. ಮನೆಯ ಕಂಪ್ಯೂಟರ್ ತೋರಿಸಿದ್ದೂ ಅದನ್ನೇ.

ಅಂಗಡಿಯಲ್ಲಿ ನಿಂತುಕೊಂಡು ಅಷ್ಟೆಲ್ಲ ಭಾಗಿಸುವುದು ಕಷ್ಟ. ಆಗ ಜಿಬಿಯನ್ನು 0.93ರಿಂದ ಗುಣಿಸಿ, ಟಿಬಿಯನ್ನು 0.91ರಿಂದ ಗುಣಿಸಿ. ವಿಂಡೋಸ್ ಸುಮಾರಾಗಿ ಎಷ್ಟು ತೋರಿಸುತ್ತದೆ ಅಂತ ಗೊತ್ತಾಗುತ್ತದೆ. 64 ಜಿಬಿ ಕಾರ್ಡ್ 59.6 ಆಗುತ್ತದೆ, 128 ಜಿಬಿ 119.2 ಆಗುತ್ತದೆ, 256 ಜಿಬಿ ಎಸ್‌ಎಸ್‌ಡಿ 238.4, 500 ಜಿಬಿ ಹಾರ್ಡ್‌ಡಿಸ್ಕ್ 465.7. 1 ಟಿಬಿ ಡಿಸ್ಕ್ 931 ಜಿಬಿ ಅಂತಲೂ, 2 ಟಿಬಿ ಡಿಸ್ಕ್ ಸುಮಾರು 1.82 ಟಿಬಿ ಅಂತಲೂ ಕಾಣುತ್ತದೆ. ನಿಮ್ಮ ಅಂಕಿ ಇದರ ಆಸುಪಾಸಿನಲ್ಲಿದ್ದರೆ ಅಂಗಡಿಯವರ ಜೊತೆ ಜಗಳ ಬೇಡ.

ಅಮೆರಿಕದಲ್ಲಿ ಈ ಜಗಳ ಕೋರ್ಟಿಗೂ ಹೋಗಿತ್ತು. ಡಿಸ್ಕ್ ತಯಾರಿಸುವ ಕಂಪನಿಗಳಾದ ವೆಸ್ಟರ್ನ್ ಡಿಜಿಟಲ್ 2006ರಲ್ಲಿ, ಸೀಗೇಟ್ 2007ರಲ್ಲಿ ರಾಜಿ ಮಾಡಿಕೊಂಡವು. ಹಾರ್ಡ್‌ಡಿಸ್ಕ್ ಪೆಟ್ಟಿಗೆಯ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಜಿಬಿ ಅಂದರೆ ಎಷ್ಟು ಬೈಟ್ ಅಂತ ಬರೆದಿರುವುದನ್ನು ಓದಿ ನೋಡಿ. ಅಲ್ಲಿರುವುದು 100 ಕೋಟಿಯ ಲೆಕ್ಕ.

ಲೆಕ್ಕ ಹಾಕಿದ ಮೇಲೂ ಲ್ಯಾಪ್‌ಟಾಪಿನ ಸಿ ಡ್ರೈವ್ ಸಣ್ಣದಾಗಿ ಕಂಡರೆ ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕಂಪ್ಯೂಟರ್ ಶುರುವಾಗಲು ಬೇಕಾದ ಭಾಗ, ಕೆಟ್ಟರೆ ರಿಪೇರಿ ಮಾಡುವ ಭಾಗ, ಕೆಲವೊಮ್ಮೆ ಡಿ ಡ್ರೈವ್, ಎಲ್ಲವೂ ಒಂದೇ ಡಿಸ್ಕಿನ ತುಂಡುಗಳಾಗಿ ಅಲ್ಲಿ ಕಾಣುತ್ತವೆ. ಅವನ್ನೆಲ್ಲ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಜಾಗ ಉಳಿಸುತ್ತೇನೆ ಅಂತ ಆ ತುಂಡುಗಳನ್ನು ಅಳಿಸಲು ಮಾತ್ರ ಹೋಗಬೇಡಿ.

ಹೆಜ್ಜೆ 4: ಒಂದು ಫೈಲ್‌ಗೆ ಎರಡು ಗಾತ್ರ ಯಾಕೆ ಅಂತ ಮಾಡಿ ನೋಡಿ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ. ಕನ್ನಡದವರೆಲ್ಲ ಒಮ್ಮೆ ಮಾಡಿ ನೋಡಬೇಕು.

ವಿಂಡೋಸ್ 10 ಅಥವಾ 11ರಲ್ಲಿ ನೋಟ್‌ಪ್ಯಾಡ್ ತೆರೆದು ‘ಕಾಸರಗೋಡು’ ಅಂತ ಟೈಪ್ ಮಾಡಿ. ಎಂಟರ್ ಒತ್ತಬೇಡಿ, ಸ್ಪೇಸ್ ಬೇಡ. ಸೇವ್ ಮಾಡುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಯುಟಿಎಫ್-8 ಇರಲಿ, ಜಾಗ ಪೆನ್‌ಡ್ರೈವ್ ಆಗಿರಲಿ. ಈಗ ಆ ಫೈಲ್‌ನ ಪ್ರಾಪರ್ಟೀಸ್ ನೋಡಿ. ‘ಸೈಜ್’ 24 ಬೈಟ್ ಇರುತ್ತದೆ. ‘ಸೈಜ್ ಆನ್ ಡಿಸ್ಕ್’ ಎಂಬಲ್ಲಿ 16 ಕೆಬಿಯೋ 32 ಕೆಬಿಯೋ ಇರುತ್ತದೆ.

ಮೊದಲು 24ರ ಲೆಕ್ಕ ನೋಡೋಣ. ಓದುವಾಗ ಕಾ-ಸ-ರ-ಗೋ-ಡು ಐದು ಅಕ್ಷರ. ಕಂಪ್ಯೂಟರಿಗೆ ಮಾತ್ರ ಎಂಟು: ಕ, ದೀರ್ಘದ ಗುರುತು, ಸ, ರ, ಗ, ಓತ್ವದ ಗುರುತು, ಡ, ಕೊಂಬು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್. ಎಂಟು ಮೂರ್ಲಿ ಇಪ್ಪತ್ತನಾಲ್ಕು. ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಒಂಬತ್ತು ಅಕ್ಷರ, ಒಂಬತ್ತೇ ಬೈಟ್. ಎಸ್‌ಎಂಎಸ್‌ನಲ್ಲೂ ಇಂಥದ್ದೇ ವಿಷಯ ಇದೆ. ಒಂದು ಸಂದೇಶಕ್ಕೆ 140 ಬೈಟ್ ಮಾತ್ರ. ಇಂಗ್ಲಿಷಿನ ಒಂದು ಅಕ್ಷರ 7 ಬಿಟ್‌ನಲ್ಲಿ ಹಿಡಿಯುತ್ತದೆ, ಹಾಗಾಗಿ 160 ಅಕ್ಷರ. ಕನ್ನಡದ ಪ್ರತಿ ಗುರುತಿಗೆ 16 ಬಿಟ್ ಬೇಕು, ಹಾಗಾಗಿ 70ಕ್ಕೇ ಮುಗಿಯುತ್ತದೆ. ಕನ್ನಡದಲ್ಲಿ ಸ್ವಲ್ಪ ಉದ್ದ ಬರೆದರೆ ಎರಡು ಸಂದೇಶ ಆಗುವುದು ಇದರಿಂದ. ಆದರೂ ಬೈಟ್ ಉಳಿಸಲು ಅಂತ ಯಾರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಗತ್ಯ ಇಲ್ಲ. ಒಂದು ದೊಡ್ಡ ಕನ್ನಡ ಕಾದಂಬರಿಯ ಪಠ್ಯಕ್ಕಿಂತ ಮೊಬೈಲಿನ ಒಂದು ಫೋಟೋ ಎಷ್ಟೋ ಸಲ ದೊಡ್ಡದಾಗಿರುತ್ತದೆ.

ಇನ್ನು ಆ 16 ಅಥವಾ 32 ಕೆಬಿ. ಡಿಸ್ಕ್ ಜಾಗವನ್ನು ಒಂದೊಂದು ಬೈಟ್‌ನಂತೆ ಹಂಚುವುದಿಲ್ಲ, ಕ್ಲಸ್ಟರ್ ಎಂಬ ತುಂಡುಗಳಲ್ಲಿ ಹಂಚುತ್ತದೆ. ಫೈಲ್ ಎಷ್ಟೇ ಸಣ್ಣದಿರಲಿ, ಒಂದು ಪೂರ್ತಿ ತುಂಡು ಅದರ ಹೆಸರಿಗೆ ಹೋಗುತ್ತದೆ. ವಿಂಡೋಸ್‌ನ ಸಿ ಡ್ರೈವ್‌ನಲ್ಲಿ ಸಾಮಾನ್ಯವಾಗಿ ಈ ತುಂಡು 4 ಕೆಬಿ. 32 ಕೆಬಿ ತುಂಡಿನ ಪೆನ್‌ಡ್ರೈವ್‌ಗೆ ಸಾವಿರ ಸಣ್ಣ ಫೈಲ್ ತುಂಬಿದರೆ, ಒಳಗಿನ ಬರಹ ಏನೂ ಇಲ್ಲದಷ್ಟು ಕಡಿಮೆ ಇದ್ದರೂ ಸುಮಾರು 32 ಎಂಬಿ ಜಾಗ ಹೋಗುತ್ತದೆ. ಇದೇ ಪ್ರಯೋಗವನ್ನು ಸಿ ಡ್ರೈವ್‌ನಲ್ಲಿ ಮಾಡಿದರೆ ‘ಸೈಜ್ ಆನ್ ಡಿಸ್ಕ್’ ಸೊನ್ನೆ ಬರಬಹುದು. ಗಾಬರಿ ಬೇಡ. ಅಷ್ಟು ಪುಟ್ಟ ಫೈಲನ್ನು ಎನ್‌ಟಿಎಫ್‌ಎಸ್ (ಸಿ ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ತನ್ನ ಸೂಚಿಯ ಒಳಗೇ ಬರೆದಿಟ್ಟುಕೊಳ್ಳುತ್ತದೆ.

ಅರ್ಜಿ ಹಾಕುವವರಿಗೆ ಇದು ತುಂಬ ಉಪಯೋಗದ ವಿಷಯ. ಅಕ್ಷಯ ಕೇಂದ್ರಕ್ಕೆ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಹೋಗಲಿ, ಮನೆಯಲ್ಲೇ ಅಪ್‌ಲೋಡ್ ಮಾಡಲಿ, ‘ಫೋಟೋ 100 ಕೆಬಿ ಒಳಗಿರಲಿ’ ಎಂಬಂಥ ಷರತ್ತು ಎದುರಾಗುತ್ತದೆ. ಆ ಜಾಲತಾಣ 1000ದ ಲೆಕ್ಕ ಹಿಡಿಯುತ್ತದೋ 1024ರದ್ದೋ ನಮಗೆ ತಿಳಿಯುವುದಿಲ್ಲ. ಹಾಗಾಗಿ ಪ್ರಾಪರ್ಟೀಸ್ ತೆರೆದು ‘ಸೈಜ್’ ಸಾಲಿನ ಬೈಟ್ ಅಂಕಿ 1,00,000ಕ್ಕಿಂತ ಕಡಿಮೆ ಇದೆಯಾ ನೋಡಿ. ವಿಂಡೋಸ್‌ನಲ್ಲಿ ಅದು ಸುಮಾರು 97 ಕೆಬಿ. ಅಷ್ಟಿದ್ದರೆ ಯಾವ ಲೆಕ್ಕದಲ್ಲೂ ಅದು 100ರ ಒಳಗೇ. ‘ಸೈಜ್ ಆನ್ ಡಿಸ್ಕ್’ ನೋಡಬೇಡಿ, ಅದಕ್ಕೂ ಅಪ್‌ಲೋಡಿಗೂ ಸಂಬಂಧ ಇಲ್ಲ.

ಹೆಜ್ಜೆ 5: ವಿಡಿಯೋಗೆ ಎಷ್ಟು ಜಾಗ ಬೇಕು ಅಂತ ಮೊದಲೇ ಲೆಕ್ಕ ಹಾಕಿ

ನಮ್ಮಲ್ಲಿ ಯಕ್ಷಗಾನ ಆಟದ ರೆಕಾರ್ಡಿಂಗ್, ದೇವಸ್ಥಾನದ ಬ್ರಹ್ಮಕಲಶದ ವಿಡಿಯೋ, ಮದುವೆ ವಿಡಿಯೋ ಇಲ್ಲದ ಮನೆ ಕಡಿಮೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಆಸುಪಾಸಿನಲ್ಲಿ ಇಡೀ ರಾತ್ರಿಯ ಯಕ್ಷಗಾನ ಚಿತ್ರೀಕರಿಸುವವರಿಗೆ ನಡುರಾತ್ರಿ ಕಾರ್ಡ್ ಫುಲ್ ಆದರೆ ಆ ಪ್ರಸಂಗ ಮತ್ತೆ ಸಿಗುವುದಿಲ್ಲ. ಅದಕ್ಕೇ ಹೊರಡುವ ಮುಂಚೆಯೇ ಲೆಕ್ಕ ಬೇಕು.

ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಬಿಟ್‌ರೇಟ್ ಎಷ್ಟು ಅಂತ ನೋಡಿ. 25 ಎಂಬಿಪಿಎಸ್ ಇದೆ ಅಂತ ಇಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 2.5 ಕೋಟಿ ಬಿಟ್. ಇಲ್ಲಿ ಹುಷಾರು, ಇದು ಬಿಟ್, ಬೈಟ್ ಅಲ್ಲ. 8ರಿಂದ ಭಾಗಿಸಿದರೆ ಸೆಕೆಂಡಿಗೆ 3.125 ಎಂಬಿ. ಗಂಟೆಗೆ 3,600 ಸೆಕೆಂಡು, ಹಾಗಾಗಿ ಗಂಟೆಗೆ 11.25 ಜಿಬಿ. ಎಂಟು ಗಂಟೆಯ ಆಟಕ್ಕೆ 90 ಜಿಬಿ. 64 ಜಿಬಿ ಕಾರ್ಡ್ ಸಾಲದು, 128 ಜಿಬಿ ಕಾರ್ಡ್ ಸಾಕು. ಮನೆಗೆ ಬಂದು ವಿಂಡೋಸ್‌ಗೆ ಹಾಕಿದಾಗ ಅದೇ ವಿಡಿಯೋ 83.8 ಜಿಬಿ ಅಂತ ಕಾಣುತ್ತದೆ. ಈಗ ನಿಮಗೆ ಅದರಲ್ಲಿ ಆಶ್ಚರ್ಯ ಇಲ್ಲ.

ಇಂಟರ್‌ನೆಟ್ ವೇಗಕ್ಕೂ ಇದೇ ಲೆಕ್ಕ. ಕೇರಳ ಸರ್ಕಾರದ ಇಂಟರ್‌ನೆಟ್ ಜಾಲ ಕೆ-ಫೋನ್ ಆಗಲಿ, ಬಿಎಸ್‌ಎನ್‌ಎಲ್ ಆಗಲಿ, ವೇಗವನ್ನು ಹೇಳುವುದು ಬಿಟ್‌ನಲ್ಲಿ. 20 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 2.5 ಎಂಬಿ ಇಳಿಯುತ್ತದೆ. 1 ಜಿಬಿ ಫೈಲ್‌ಗೆ ಕನಿಷ್ಠ 400 ಸೆಕೆಂಡು ಬೇಕು.

ವಿಡಿಯೋ ಹಂಚುವಾಗ ಬರುವ ಇನ್ನೊಂದು ತೊಂದರೆ: ಪೆನ್‌ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದೆ, 6 ಜಿಬಿ ವಿಡಿಯೋ ಹಾಕಲು ಹೋದರೆ ಫೈಲ್ ತುಂಬ ದೊಡ್ಡದು ಅನ್ನುತ್ತದೆ. ಕಾರಣ ಫ್ಯಾಟ್32 ಎಂಬ, ಫೈಲ್‌ಗಳನ್ನು ಜೋಡಿಸಿಡುವ ಹಳೆಯ ವ್ಯವಸ್ಥೆ. ಅದು ಫೈಲಿನ ಗಾತ್ರ ಬರೆಯಲು 32 ಬಿಟ್ ಮಾತ್ರ ಇಟ್ಟಿದೆ. ಹಾಗಾಗಿ ಒಂದು ಫೈಲ್ 4,29,49,67,295 ಬೈಟ್ ದಾಟುವ ಹಾಗಿಲ್ಲ. ನಮ್ಮ 25 ಎಂಬಿಪಿಎಸ್ ವಿಡಿಯೋ ಸುಮಾರು 23 ನಿಮಿಷಕ್ಕೇ ಆ ಗಡಿ ಮುಟ್ಟುತ್ತದೆ. ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲ ಬೇರೆ ಕಡೆ ನಕಲು ಮಾಡಿ. ಆಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್, ಅಲ್ಲಿ ಎಕ್ಸ್‌ಫ್ಯಾಟ್ ಆರಿಸಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದು ಅಳಿಸಿ ಹೋಗುತ್ತದೆ, ನೆನಪಿರಲಿ. ಹಳೆಯ ಟಿವಿಗಳು ಕೆಲವು ಎಕ್ಸ್‌ಫ್ಯಾಟ್ ಓದುವುದಿಲ್ಲ. ಹಾಗಿದ್ದರೆ ವಿಡಿಯೋವನ್ನೇ ತುಂಡು ಮಾಡಬೇಕು.

ಹೆಜ್ಜೆ 6: ರ್‍ಯಾಮ್ ಅಂಕಿಯನ್ನು ಬೇರೆ ಕಣ್ಣಿನಿಂದ ಓದಿ

ರ್‍ಯಾಮ್‌ನಲ್ಲಿ ಗೊಂದಲ ಕಡಿಮೆ. ಅಲ್ಲಿ ಕಂಪನಿಯವರೂ ವಿಂಡೋಸೂ 1024ನ್ನೇ ಹಿಡಿಯುತ್ತಾರೆ. 8 ಜಿಬಿ ಅಂದರೆ 858 ಕೋಟಿ 99 ಲಕ್ಷ ಬೈಟ್‌ಗಿಂತ ಮೇಲೆ ಇರುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. 7.8 ಅಥವಾ 7.9 ಮಾತ್ರ ಬಳಕೆಗೆ ಸಿಗುತ್ತದೆ ಅಂತ ಇದ್ದರೆ, ಉಳಿದದ್ದನ್ನು ಗ್ರಾಫಿಕ್ಸ್‌ನಂಥ ಕೆಲಸಕ್ಕೆ ತೆಗೆದಿಟ್ಟಿದ್ದಾರೆ. ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬ ಸಾಲಿನಲ್ಲಿ ಅದರ ಲೆಕ್ಕ ಇದೆ.

ಅಲ್ಲೇ ‘ಕ್ಯಾಶ್ಡ್’ ಎಂಬ ಅಂಕಿ ದೊಡ್ಡದಾಗಿ ಕಂಡರೆ ಚಿಂತೆ ಬೇಡ. ಖಾಲಿ ಬಿದ್ದ ರ್‍ಯಾಮ್‌ನಿಂದ ಯಾರಿಗೂ ಲಾಭ ಇಲ್ಲ. ಹಾಗಾಗಿ ಮತ್ತೆ ಬೇಕಾಗಬಹುದಾದ ಫೈಲ್‌ಗಳನ್ನು ಕಂಪ್ಯೂಟರ್ ಅಲ್ಲಿ ಇಟ್ಟುಕೊಳ್ಳುತ್ತದೆ. ಬೇರೆಯವರು ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ನೀವು ನೋಡಬೇಕಾದದ್ದು ‘ಅವೈಲಬಲ್’ ಎಂಬ ಅಂಕಿ. ಉಬುಂಟುವಿನಲ್ಲೂ ಅಷ್ಟೇ. ‘ಫ್ರೀ’ ಕಡಿಮೆ ಇದ್ದು ‘ಅವೈಲಬಲ್’ ಜಾಸ್ತಿ ಇದ್ದರೆ ಎಲ್ಲ ಸರಿ ಇದೆ. ಮೊಬೈಲಿನಲ್ಲಿ ರ್‍ಯಾಮ್ ಕ್ಲೀನ್ ಮಾಡುತ್ತೇವೆ ಅನ್ನುವ ಆ್ಯಪ್‌ಗಳನ್ನು ಸುಮ್ನೆ ತೆಗೆದುಹಾಕಿ. ಅವು ಮುಚ್ಚಿದ್ದನ್ನು ಮೊಬೈಲ್ ಮತ್ತೆ ತೆರೆಯಬೇಕು, ಬ್ಯಾಟರಿ ಖರ್ಚು ಅದರಲ್ಲೇ. ‘8 ಪ್ಲಸ್ 8 ಜಿಬಿ ರ್‍ಯಾಮ್’ ಎಂಬ ಜಾಹೀರಾತು ಕಂಡರೆ, ಎರಡನೆಯ 8 ಸ್ಟೋರೇಜಿನಿಂದ ಕಡ ತೆಗೆದದ್ದು ಅಂತ ತಿಳಿಯಿರಿ. ನಿಜವಾದ ರ್‍ಯಾಮ್‌ನ ವೇಗ ಅದಕ್ಕಿಲ್ಲ.

ಹೆಜ್ಜೆ 7: ಬೈಟ್ ಅಂಕಿಯೇ ಸುಳ್ಳಾಗಿದ್ದರೆ

ಇಲ್ಲಿಯವರೆಗೆ ಬೈಟ್ ಅಂಕಿಯನ್ನು ನಂಬಿ ಅಂತ ಹೇಳಿದೆ. ಅದನ್ನೂ ನಂಬಬಾರದ ಸಂದರ್ಭ ಒಂದಿದೆ. ಸಂತೆಯಲ್ಲೋ ಆನ್‌ಲೈನ್‌ನಲ್ಲೋ ಬಹಳ ಕಡಿಮೆ ಬೆಲೆಗೆ ‘2 ಟಿಬಿ ಪೆನ್‌ಡ್ರೈವ್’ ಸಿಕ್ಕಾಗ.

ಪೆನ್‌ಡ್ರೈವ್ ಒಳಗೆ ಕಂಟ್ರೋಲರ್ ಎಂಬ ಸಣ್ಣ ಚಿಪ್ ಇರುತ್ತದೆ. ಎಷ್ಟು ಜಾಗ ಇದೆ ಅಂತ ಕಂಪ್ಯೂಟರ್ ಕೇಳಿದಾಗ ಉತ್ತರ ಕೊಡುವುದು ಅದು. ಮೋಸಗಾರರು ಆ ಉತ್ತರವನ್ನೇ ಬದಲಿಸಿಡುತ್ತಾರೆ. ಒಳಗಿರುವುದು 16 ಜಿಬಿಯ ಮೆಮೊರಿ, ಹೇಳುವುದು 2 ಟಿಬಿ. ವಿಂಡೋಸ್ ಅದನ್ನು ನಂಬಿ ಭಾಗಿಸಿ 1.8 ಟಿಬಿ ಅಂತ ತೋರಿಸುತ್ತದೆ. ನಮ್ಮ ಮೂರನೆಯ ಹೆಜ್ಜೆಯ ಪರೀಕ್ಷೆಯಲ್ಲೂ ಅದು ಪಾಸಾಗುತ್ತದೆ! ಮೊದಲ 16 ಜಿಬಿ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ಬರೆದದ್ದು ಹಳೆಯದರ ಮೇಲೆ ಬೀಳುತ್ತದೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಹೆಸರು ಕಾಣುತ್ತದೆ, ತೆರೆದರೆ ಫೋಟೋ ಇಲ್ಲ. ಮನೆಯವರ ಹಳೆಯ ಫೋಟೋಗಳು ಹೀಗೆ ಹೋದರೆ ಯಾವ ರಿಪೇರಿಯವರಿಗೂ ಮರಳಿ ತರಲು ಆಗುವುದಿಲ್ಲ.

ಹಾಗಾಗಿ ಹೊಸ ಪೆನ್‌ಡ್ರೈವ್ ಅಥವಾ ಕಾರ್ಡ್ ಖಾಲಿ ಇರುವಾಗಲೇ ಪೂರ್ತಿ ತುಂಬಿಸಿ ಓದಿ ನೋಡಬೇಕು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಪ್ರೋಗ್ರಾಂ ಇದೆ. ತೆರೆದಾಗ ಜರ್ಮನ್ ಭಾಷೆ ಕಂಡರೆ ಇಂಗ್ಲಿಷ್ ಆರಿಸಿ. ಡ್ರೈವ್ ಆರಿಸಿ, ಇರುವ ಜಾಗವನ್ನೆಲ್ಲ ಪರೀಕ್ಷಿಸಲು ಹೇಳಿ, ಬರೆದು ಓದುವ ಗುಂಡಿ ಒತ್ತಿ. ಅದು ತನ್ನದೇ ಫೈಲ್‌ಗಳನ್ನು ತುಂಬಿಸುತ್ತದೆ, ಆಮೇಲೆ ಬರೆದದ್ದೇ ವಾಪಸ್ ಬರುತ್ತದಾ ಅಂತ ತಾಳೆ ನೋಡುತ್ತದೆ. ಉಬುಂಟುವಿನಲ್ಲಿ ಎಫ್3 ಎಂಬ ಉಪಕರಣ ಹಾಕಿಕೊಳ್ಳಿ. ಮೊದಲು ಎಫ್3ರೈಟ್, ಆಮೇಲೆ ಎಫ್3ರೀಡ್ ಓಡಿಸಿ. ಸೆಕೆಂಡಿಗೆ 10 ಎಂಬಿ ಬರೆಯುವ ಪೆನ್‌ಡ್ರೈವ್ ಆದರೆ 32 ಜಿಬಿ ತುಂಬಲು 53 ನಿಮಿಷ ಬೇಕು, ಓದಲು ಅದಲ್ಲದೆ ಮತ್ತೆ ಸ್ವಲ್ಪ ಹೊತ್ತು. ತಾಳ್ಮೆಯಿಂದ ಬಿಡಿ, ನಡುವೆ ಎಳೆಯಬೇಡಿ.

ತಪ್ಪಿಲ್ಲ ಅಂತ ಬಂದರೆ ಆ ಪರೀಕ್ಷೆಯ ಫೈಲ್‌ಗಳನ್ನು ಅಳಿಸಿ ಬಳಸಲು ಶುರು ಮಾಡಿ. ತಪ್ಪು ಬಂದರೆ ಅದರಲ್ಲಿ ಏನನ್ನೂ ಇಡಬೇಡಿ. ಫಲಿತಾಂಶದ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಬಿಲ್ ಸಮೇತ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಕೊಂಡ ಕಡೆ ವಾಪಸ್ ಕೊಡಿ.